ಮೂರು ಹೆಸರಿನ ನಿಯಮ ಮತ್ತು ಒಂದು ಬಾಣಲೆ

ಡ್ರೈಫೋರ್ಕ್ ಕೌಂಟಿ ನಾಗರಿಕ ಸೇವಾ ಆಯೋಗ
ನ್ಯಾಯಾಲಯ ಕಟ್ಟಡ, ನೆಲಮಾಳಿಗೆ (ಬಾಯ್ಲರ್ ಕೋಣೆ ದಾಟಿ ಎಡಕ್ಕೆ), ಟ್ವಿಚೆಲ್

ಸುತ್ತೋಲೆ ಸಂಖ್ಯೆ: ಡ್ರೈಕೌ/ನಾಸೇಆ/ಅಗ್ನಿ/ನೇಮಕ/೪-ಸಿ (೪-ಬಿ ಅನ್ನು ರದ್ದುಪಡಿಸಿದ ಆದೇಶವನ್ನು ರದ್ದುಪಡಿಸಿ)

ದಿನಾಂಕ: ಅಕ್ಟೋಬರ್ ತಿಂಗಳ ಮೊದಲ ಸೋಮವಾರ

ವಿಷಯ: ಕೌಂಟಿ ಅಗ್ನಿಶಾಮಕ ಹುದ್ದೆಗೆ ಕೆಲಸ ಬೇಡವಾದವರು ಅರ್ಜಿ ಸಲ್ಲಿಸಿ, ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು, ಕೆಲಸ ಬೇಕಾದವರನ್ನೂ ಆಯೋಗವನ್ನೂ ಏಕಕಾಲಕ್ಕೆ ಫಜೀತಿಗೆ ಸಿಕ್ಕಿಸುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
(ಅ) ಆಯೋಗದ ನಿಯಮಾವಳಿ, ಅಧ್ಯಾಯ ಆರು, ‘ಮೂರು ಹೆಸರಿನ ನಿಯಮ’.
(ಆ) ಮುಖ್ಯ ಅಗ್ನಿಶಾಮಕ ಅಧಿಕಾರಿ ಶ್ರೀ ಗಾರ್ತ್ ಲಿಂಡ್‌ಕ್ವಿಸ್ಟ್ ಅವರ ಪತ್ರ. ಅದನ್ನು ಹಿಂಪಡೆದ ಪತ್ರ. ಹಿಂಪಡೆದದ್ದಕ್ಕೆ ವಿಷಾದ ಸೂಚಿಸಿದ ಪತ್ರ.
(ಇ) ಸೆಪ್ಟೆಂಬರ್ ತಿಂಗಳ ವಿಚಾರಣೆಯ ನಡಾವಳಿ.
(ಈ) ಒಂದು ಟವೆಲು (ಆಯೋಗದ ವ್ಯಾಪ್ತಿಗೆ ಬರುವುದಿಲ್ಲ, ಕಂಡಿಕೆ ೮ ನೋಡುವುದು).

ಪ್ರಸ್ತಾವನೆ

ಕೌಂಟಿಯ ಅಗ್ನಿಶಾಮಕರ ನೇಮಕಾತಿಯು ‘ಮೂರು ಹೆಸರಿನ ನಿಯಮ’ಕ್ಕೆ ಒಳಪಟ್ಟಿರುತ್ತದೆ. ಅಂದರೆ ಒಂದು ಹುದ್ದೆ ಖಾಲಿಯಾದಲ್ಲಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮೂವರ ಹೆಸರನ್ನು ಆಯೋಗವು ಮುಖ್ಯಾಧಿಕಾರಿಗಳಿಗೆ ಕಳುಹಿಸತಕ್ಕದ್ದು ಹಾಗೂ ಅವರು ಮೂವರಲ್ಲಿ ಒಬ್ಬರನ್ನು ಆರಿಸಿಕೊಳ್ಳತಕ್ಕದ್ದು. ಹಿಂದೊಂದು ಕಾಲದಲ್ಲಿ ಮುಖ್ಯಾಧಿಕಾರಿಗಳು ತಮ್ಮ ಭಾವಮೈದುನರನ್ನೇ ನೇಮಿಸಿಕೊಳ್ಳುತ್ತಿದ್ದು, ಕೌಂಟಿಯಲ್ಲಿ ಬೆಂಕಿಗಿಂತ ಭಾವಮೈದುನರೇ ಹೆಚ್ಚಾದ ಕಾರಣ ಈ ನಿಯಮ ಜಾರಿಗೆ ಬಂದಿದೆ. ಇಬ್ಬರಿದ್ದರೆ ಅದು ಪಟ್ಟಿಯಲ್ಲ. ಒಬ್ಬರಿದ್ದರೆ ಅದು ಹಠ ಎಂದು ಪರಿಗಣಿಸಲಾಗುವುದು.

ಕಳೆದ ಚಳಿಗಾಲದಲ್ಲಿ ಟ್ವಿಚೆಲ್ ಠಾಣೆಯ ಹಿರಿಯ ಸಿಬ್ಬಂದಿಯೊಬ್ಬರು ತಮ್ಮ ನೋಯುವ ಮೊಣಕಾಲುಗಳ ಸಮೇತ ನಿವೃತ್ತರಾಗಿ ಅರಿಝೋನಾಕ್ಕೆ ತೆರಳಿದ ಪ್ರಯುಕ್ತ ಒಂದು ಹುದ್ದೆ ಖಾಲಿಯಾಯಿತು. ಪ್ರಕಟಣೆಯನ್ನು ನ್ಯಾಯಾಲಯದ ಬಾಗಿಲಿಗೆ ಅಂಟಿಸಲಾಯಿತು. ಬಂದದ್ದು ಒಂದೇ ಅರ್ಜಿ. ಅರ್ಜಿದಾರರು ಶ್ರೀಮತಿ ಡೋರೀನ್ ಸ್ಟ್ರೋಬೆಲ್, ಶಾಲಾ ಬಸ್ಸಿನ ಚಾಲಕಿ, ಹರೆಯದಿಂದಲೂ ಇದೇ ಠಾಣೆಯಲ್ಲಿ ಸಂಬಳವಿಲ್ಲದ ಸ್ವಯಂಸೇವಕಿ. ಸೆಪ್ಟೆಂಬರ್ ಕೊನೆಗೆ ಅವರಿಗೆ ಮೂವತ್ತಾರು ತುಂಬಲಿತ್ತು. ಮೂವತ್ತಾರು ತುಂಬಿದವರನ್ನು ಹೊಸದಾಗಿ ನೇಮಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಇದು ಅವರ ಪಾಲಿನ ಕೊನೆಯ ಪಟ್ಟಿಯಾಗಿತ್ತು.

ಒಂದು ಹೆಸರು ಪಟ್ಟಿಯಾಗುವುದಿಲ್ಲವೆಂದು ಆಯೋಗದ ಕಾರ್ಯದರ್ಶಿ ಶ್ರೀ ಲೀಲಂಡ್ ಆಫರ್ಡಾಲ್ ಅವರು ಸದರಿ ಅರ್ಜಿದಾರರಿಗೆ ನಿಯಮ ಓದಿ ತಿಳಿಸಿದರು. ಅರ್ಜಿದಾರರು ನೀಡಿದ ಉತ್ತರವನ್ನು ಶೀಘ್ರಲಿಪಿಗಾರರು ರಜೆಯಲ್ಲಿದ್ದ ಕಾರಣ ಆಡಿದಂತೆಯೇ ಬರೆದುಕೊಳ್ಳಲಾಗಿದೆ: “ಹಾಗಾದ್ರೆ ನನ್ ಹೆಸ್ರನ್ನೇ ಮೂರ್ ಸಲ ಬರ್ಕೊಳ್ಳಿ ಲೀಲಂಡ್. ಇಷ್ಟ್ ವರ್ಷ ಮೂರ್ ಜನದ ಕೆಲ್ಸಾನೇ ತಾನೆ ಮಾಡಿರೋದು? ಸೈರನ್ ಕೂಗುತ್ತೆ, ಎಲ್ರೂ ಓಡ್ತಾರೆ, ನಾನು ಬಸ್ ತುಂಬ ಮಕ್ಕಳನ್ನ ಇಟ್ಕೊಂಡು ರಸ್ತೆ ಪಕ್ಕ ನಿಂತು ನೋಡ್ತೀನಿ. ಆಗ ನಂಗೆ ಏನನ್ಸುತ್ತೆ ಅಂತ ನಿಮ್ ಪುಸ್ತಕದಲ್ಲಿ ಬರ್ದಿದ್ಯಾ?”

ಬರೆದಿಲ್ಲ. ಕಾರ್ಯದರ್ಶಿಯವರು ಆ ರಾತ್ರಿ ನಿಯಮಾವಳಿಯನ್ನು ಮತ್ತೊಮ್ಮೆ ಆದ್ಯಂತ ಓದಿ ನೋಡಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಊರಿನಲ್ಲಿ ಅವರ ಬೆನ್ನ ಹಿಂದೆ ಆಡಿಕೊಳ್ಳುವುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ನಿಯಮವನ್ನು ಬರೆದವರು ಪೂಜಾರಿಗಳಲ್ಲವೆಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

ತದನಂತರ ನಡೆದ ಘಟನೆಗಳ ಹಿನ್ನೆಲೆಯಲ್ಲಿ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

೧. ಅರ್ಜಿದಾರರ ಬಯಕೆ

ಇನ್ನು ಮುಂದೆ ಅಗ್ನಿಶಾಮಕ ಹುದ್ದೆಗೆ ಅರ್ಜಿ ಸಲ್ಲಿಸುವವರಿಗೆ ಆ ಹುದ್ದೆ ಬೇಕಾಗಿರತಕ್ಕದ್ದು. ಬಯಕೆಯು ಮಧ್ಯಮ ಪ್ರಮಾಣದ್ದಾಗಿರಬೇಕು. ಅತಿಯಾದ ಬಯಕೆಯಿಂದ ಆಗುವ ನಷ್ಟವನ್ನು ಕಂಡಿಕೆ ೪ರಲ್ಲಿ ವಿವರಿಸಲಾಗಿದೆ.

೨. ಸಂಖ್ಯೆ ತುಂಬಲು ಬರುವವರು

ಟ್ವಿಚೆಲ್ ಪಟ್ಟಣದಲ್ಲಿ ಒಂದು ರೂಢಿ ಇರುತ್ತದೆ. ಬೌಲಿಂಗ್ ತಂಡಕ್ಕೆ ಒಬ್ಬರು ಕಡಿಮೆಯಾದರೆ, ಚರ್ಚಿನ ಗಾಯನವೃಂದಕ್ಕೆ ಗಡಸು ದನಿ ಬೇಕಾದರೆ, ಶವಪೆಟ್ಟಿಗೆ ಹೊರಲು ಒಂದು ಭುಜ ಸಾಲದಿದ್ದರೆ, ಫರ್ಚ್ ಕೆಫೆಯಲ್ಲಿ ಯಾರು ಖಾಲಿ ಕೂತಿದ್ದಾರೋ ಅವರು ಎದ್ದು ಹೋಗಿ ಸೇರಿಕೊಳ್ಳುತ್ತಾರೆ. ಬೌಲಿಂಗ್ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವಮಾನವೆಂದು ಭಾವಿಸಲಾಗುತ್ತದೆ.

ಇದೇ ರೂಢಿಯಂತೆ ಕೆಫೆಯ ಮಾಲೀಕರೂ ಅಡುಗೆಯವರೂ ಆದ, ನೌಕಾಪಡೆಯಲ್ಲಿ ಅಡುಗೆ ಮಾಡಿ ಬಂದ, ಅರವತ್ತು ದಾಟಿದ ಶ್ರೀ ವೆಂಡೆಲ್ ಫರ್ಚ್ ಅವರು ಏಪ್ರನ್ ಬಿಚ್ಚಿಟ್ಟು ಬಂದು ಅರ್ಜಿ ಹಾಕಿದರು. ಮಾಜಿ ಸೈನಿಕರಿಗೆ ವಯೋಮಿತಿ ಅನ್ವಯಿಸುವುದಿಲ್ಲ. ಅವರ ಹಿಂದೆಯೇ ಶ್ರೀಮತಿ ಸ್ಟ್ರೋಬೆಲ್ ಅವರ ಚಿಕ್ಕಮ್ಮನ ಮಗ, ಧಾನ್ಯದ ಕಣಜದಲ್ಲಿ ಕೆಲಸ ಮಾಡುವ ಶ್ರೀ ಟ್ರಾಯ್ ಗೆಬ್‌ಹಾರ್ಟ್ ಅವರೂ ಅರ್ಜಿ ಹಾಕಿದರು. ಇವರು ಸೈರನ್ನಿಗೆ ಎಚ್ಚರಗೊಂಡ ಒಂದೇ ಒಂದು ದಾಖಲೆ ಕೌಂಟಿಯಲ್ಲಿಲ್ಲ. “ನಾವಿಬ್ರು ಬರೀ ಲೆಕ್ಕಕ್ಕೆ ಲೀಲಂಡ್, ತಲೆ ಕೆಡಿಸ್ಕೋಬೇಡಿ” ಎಂದು ಶ್ರೀ ಫರ್ಚ್ ಕೌಂಟರಿನಲ್ಲಿ ಅರ್ಜಿ ಕೊಡುವಾಗ ಸ್ಪಷ್ಟವಾಗಿ ತಿಳಿಸಿರುತ್ತಾರೆ. ಕಾರ್ಯದರ್ಶಿಯವರು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಳ್ಳಬೇಕಾಗಿತ್ತು.

ಆದಕಾರಣ, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬವರನ್ನು ಲೋಕವು ಬಲ್ಲದಾದರೂ, ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂಬ ಹೊಸ ವರ್ಗವನ್ನು ಈ ಮೂಲಕ ಸೃಜಿಸಲಾಗಿದೆ. ಈ ವರ್ಗದವರು ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು, ಆದರೆ ಚೆನ್ನಾಗಿ ತೇರ್ಗಡೆಯಾಗತಕ್ಕದ್ದಲ್ಲ. ಅವರ ಅರ್ಜಿಗಳನ್ನು ಬೂದು ಬಣ್ಣದ ಕಾಗದದಲ್ಲಿ ಸ್ವೀಕರಿಸಲಾಗುವುದು.

೩. ದೈಹಿಕ ಪರೀಕ್ಷೆ ಹಾಗೂ ಗೊಂಬೆಯೊಂದಿಗಿನ ನಡವಳಿಕೆ

ಅಭ್ಯರ್ಥಿಗಳು ಏಣಿ ಹತ್ತಿ ಇಳಿದು, ನೀರಿನ ಕೊಳವೆ ಎಳೆದು, ಕೊನೆಯಲ್ಲಿ ಪ್ರಜ್ಞೆ ತಪ್ಪಿದ ಮನುಷ್ಯನ ತೂಕದ ಗೊಂಬೆಯೊಂದನ್ನು ಸಂತೆ ಮೈದಾನದ ಉದ್ದಕ್ಕೂ ಎಳೆದೊಯ್ಯಬೇಕಾಗಿರುತ್ತದೆ. ಚಳಿಗಾಲವಿಡೀ ಶ್ರೀಮತಿ ಸ್ಟ್ರೋಬೆಲ್ ಅವರೇ ಇನ್ನಿಬ್ಬರಿಗೂ ತರಬೇತಿ ನೀಡಿದರು. ಬಸ್ಸಿನ ಪಾಳಿ ಮುಗಿಸಿ ಬಂದು, ಕಣಜದ ಸುತ್ತ ಅವರನ್ನು ಓಡಿಸಿ, ತಾವು ಸೈಕಲ್ಲಿನಲ್ಲಿ ಹಿಂದೆ ಹಿಂದೆ ಬರುತ್ತ ಬೈದಿರುತ್ತಾರೆ. ಇಬ್ಬರೂ ಕನಿಷ್ಠ ಅಂಕ ಪಡೆಯಲೆಂಬುದಷ್ಟೇ ಅವರ ಉದ್ದೇಶವಾಗಿತ್ತು.

ಶ್ರೀ ಫರ್ಚ್ ಅವರು ಗೊಂಬೆಯನ್ನು ಕಂಡ ಕೂಡಲೇ ಅದರ ಕಂಕುಳಿಗೆ ಕೈ ಹಾಕಿ, “ನಡಿ ಮಗನೆ, ಕ್ಯಾಪ್ಟನ್ ನೋಡೋದ್ರೊಳಗೆ ಮಂಚ ಸೇರ್ಕೋ. ವಾಂತಿ ಗೀಂತಿ ಮಾಡ್ಬೇಡ, ಬೆಳಿಗ್ಗೆ ಕಾಫಿ ಕೊಡ್ತೀನಿ” ಎಂದು ಸಮಾಧಾನ ಹೇಳುತ್ತ, ತಮ್ಮ ಅರ್ಧ ವಯಸ್ಸಿನವರಿಗಿಂತ ಬೇಗ ಮೈದಾನ ದಾಟಿಸಿಬಿಟ್ಟರು. ಹಡಗಿನಲ್ಲಿ ರಜೆಯ ದಿನ ಕುಡಿದು ಬಿದ್ದವರನ್ನು ಹೊತ್ತು ಹಾಕುವ ಕೆಲಸ ಅಡುಗೆಯವರ ಪಾಲಿಗೇ ಬರುತ್ತಿತ್ತೆಂಬುದು ಆಯೋಗಕ್ಕೆ ತಡವಾಗಿ ತಿಳಿದುಬಂದಿದೆ.

ಇನ್ನು ಮುಂದೆ ಅಭ್ಯರ್ಥಿಗಳು ಗೊಂಬೆಯನ್ನು ಮಾತನಾಡಿಸತಕ್ಕದ್ದಲ್ಲ, ಅದಕ್ಕೆ ಕಾಫಿಯ ಆಸೆ ತೋರಿಸತಕ್ಕದ್ದಲ್ಲ. ಗೊಂಬೆಯು ಅಭ್ಯರ್ಥಿಗೆ ಅಪರಿಚಿತವಾಗಿರಬೇಕು; ಪರಿಚಯವಿದ್ದಲ್ಲಿ ಬೇರೆ ಗೊಂಬೆಯನ್ನು ನೆರೆಯ ಕೌಂಟಿಯಿಂದ ತರಿಸಲಾಗುವುದು.

೪. ಮೌಖಿಕ ಪರೀಕ್ಷೆಯಲ್ಲಿ ಸತ್ಯದ ಪ್ರಮಾಣ

ಮೌಖಿಕ ಪರೀಕ್ಷೆಯಲ್ಲಿ ‘ಈ ಹುದ್ದೆ ನಿಮಗೆ ಏಕೆ ಬೇಕು’ ಎಂಬ ಒಂದೇ ಪ್ರಶ್ನೆಗೆ ಬಹುಪಾಲು ಅಂಕಗಳಿರುತ್ತವೆ. ಶ್ರೀ ಫರ್ಚ್ ಉತ್ತರಿಸಿದ್ದು: “ನಂಗ್ಯಾಕ್ರೀ ಬೇಕು? ನಂಗೆ ಕೆಫೆ ಇದೆ. ಈ ವಯಸ್ಸಲ್ಲಿ ಪ್ಯಾನ್‌ಕೇಕ್ ಬಿಟ್ಟು ಏಣಿ ಹತ್ತೋಕೆ ನಂಗೇನ್ ತಲೆ ಕೆಟ್ಟಿದ್ಯಾ?” ಮಂಡಳಿಯು ಇದಕ್ಕೆ ‘ಪ್ರಾಮಾಣಿಕತೆ’ ಹಾಗೂ ‘ಒತ್ತಡದಲ್ಲಿ ಶಾಂತಚಿತ್ತತೆ’ ಎಂಬ ಎರಡೂ ಶೀರ್ಷಿಕೆಗಳಡಿ ಪೂರ್ಣ ಅಂಕ ನೀಡಿತು. ಅದೇ ಪ್ರಶ್ನೆಗೆ ಶ್ರೀಮತಿ ಸ್ಟ್ರೋಬೆಲ್ ಉತ್ತರಿಸಲು ಹೋಗಿ, ಎರಡು ಸಲ ಮೊದಲಿನಿಂದ ಶುರುಮಾಡಿ, ಒಂದು ಲೋಟ ನೀರು ಕೇಳಿದರು. ಅವರಿಗೆ ‘ಉದ್ವೇಗ’ದ ಕಾರಣ ಅಂಕ ಕಡಿತಗೊಳಿಸಲಾಯಿತು. ಬಾಗಿಲ ಹೊರಗೆ ಕೂತಿದ್ದ ಕಾರ್ಯದರ್ಶಿಯವರಿಗೆ ಇದೆಲ್ಲ ಕೇಳಿಸುತ್ತಿತ್ತು. ಅವರಿಗೆ ಮಂಡಳಿಯ ಮೇಲೆ ಸಿಟ್ಟು ಬಂತು; ಆ ಮಂಡಳಿಯನ್ನು ರಚಿಸಿದವರು ತಾವೇ ಆದ್ದರಿಂದ ಸಿಟ್ಟು ಹೋಗಲು ಬೇರೆ ಜಾಗವಿರಲಿಲ್ಲ.

ಮಾಜಿ ಸೈನಿಕರಿಗೆ ಕೊಡುವ ಹೆಚ್ಚುವರಿ ಅಂಕಗಳೂ ಸೇರಿ ಶ್ರೀ ಫರ್ಚ್ ಪ್ರಥಮ, ಶ್ರೀಮತಿ ಸ್ಟ್ರೋಬೆಲ್ ದ್ವಿತೀಯ, ಶ್ರೀ ಗೆಬ್‌ಹಾರ್ಟ್ ತೃತೀಯರಾದರು. ಫಲಿತಾಂಶ ಓದಿದ ಸ್ಥಳದಲ್ಲೇ ಶ್ರೀಮತಿ ಸ್ಟ್ರೋಬೆಲ್ ಆಡಿದ ಮಾತು: “ಅಯ್ಯೋ ವೆಂಡೆಲ್, ಪಾಸಾಗು ಅಂದೆ ಕಣಯ್ಯಾ, ಫಸ್ಟ್ ಬಾ ಅಂದ್ನಾ?”

ಇನ್ನು ಮುಂದೆ ಮೌಖಿಕ ಪರೀಕ್ಷೆಯಲ್ಲಿ ಸತ್ಯಕ್ಕೆ ಗರಿಷ್ಠ ಅರ್ಧದಷ್ಟು ಅಂಕ ಮಾತ್ರ ನೀಡತಕ್ಕದ್ದು. ನೀರು ಕೇಳಿದವರಿಗೆ ನೀರು ಕೊಡತಕ್ಕದ್ದು.

೫. ಮಾಜಿ ಸೈನಿಕರನ್ನು ಬಿಟ್ಟು ಮುಂದೆ ಹೋಗುವ ಬಗ್ಗೆ

ಪ್ರಥಮ ಸ್ಥಾನದಲ್ಲಿ ಮಾಜಿ ಸೈನಿಕರಿದ್ದರೆ, ಅವರನ್ನು ಬಿಟ್ಟು ಬೇರೆಯವರನ್ನು ಆರಿಸಲು ಮುಖ್ಯಾಧಿಕಾರಿಗಳು ಲಿಖಿತ ಕಾರಣ ನೀಡಬೇಕು. ಶ್ರೀ ಲಿಂಡ್‌ಕ್ವಿಸ್ಟ್ ಅವರ ಪತ್ರದ ಪೂರ್ಣಪಾಠ ಹೀಗಿದೆ: “ವೆಂಡೆಲ್‌ಗೆ ಕೆಲಸ ಬೇಡ. ಡೋರೀನ್‌ಗೆ ಬೇಕು. ನನಗೆ ಡೋರೀನ್ ಬೇಕು.” ನಿಯಮಾವಳಿ ಒಪ್ಪುವ ಕಾರಣಗಳು ನಾಲ್ಕು: ಕಳ್ಳತನ, ಕುಡಿತ, ಕಲಹ, ಮರಣ. ‘ಬೇಡ’ ಎಂಬುದು ಪಟ್ಟಿಯಲ್ಲಿಲ್ಲ. ಆದ್ದರಿಂದ ಪತ್ರವನ್ನು ಹಿಂದಿರುಗಿಸಲಾಯಿತು.

ಮುಖ್ಯಾಧಿಕಾರಿಗಳು ಕೆಫೆಗೆ ತೆರಳಿ, “ಏನಾದ್ರೂ ಸಣ್ಣದಾಗಿ ಕದೀಬಾರ್ದೇನಯ್ಯಾ ವೆಂಡೆಲ್?” ಎಂದು ಕೋರಿದ್ದಾಗಿಯೂ, ಶ್ರೀ ಫರ್ಚ್ ಅವರು ಮುಖ್ಯಾಧಿಕಾರಿಗಳ ಟೋಪಿಯನ್ನೇ ಕದಿಯಲು ಒಪ್ಪಿ, ಅರ್ಧ ಗಂಟೆಯೊಳಗೆ ಮನಸ್ಸು ತಡೆಯದೆ ಅದನ್ನು ಬ್ರಷ್ ಮಾಡಿ ಹಿಂದಿರುಗಿಸಿದ್ದಾಗಿಯೂ ವರದಿಯಾಗಿದೆ. ಉಳಿದ ಮೂರು ಕಾರಣಗಳಲ್ಲಿ ಕೊನೆಯದನ್ನು ಯಾರೂ ಸೂಚಿಸಲಿಲ್ಲ.

ಶ್ರೀ ಫರ್ಚ್ ಹಿಂದೆ ಸರಿದರೆ ಪಟ್ಟಿಯಲ್ಲಿ ಎರಡೇ ಹೆಸರು ಉಳಿದು ಪಟ್ಟಿಯೇ ರದ್ದಾಗುತ್ತಿತ್ತು. ಹೊಸ ಪರೀಕ್ಷೆ ಮುಗಿಯುವಷ್ಟರಲ್ಲಿ ಶ್ರೀಮತಿ ಸ್ಟ್ರೋಬೆಲ್ ಅವರ ಹುಟ್ಟುಹಬ್ಬ ಕಳೆದಿರುತ್ತಿತ್ತು. ಒಂದು ದಾರಿ ಮಾತ್ರ ಉಳಿದಿತ್ತು. ನೇಮಕಗೊಂಡವರು ಆರು ತಿಂಗಳ ಪರೀಕ್ಷಾರ್ಥ ಅವಧಿಯಲ್ಲಿ ಅನುತ್ತೀರ್ಣರಾದರೆ, ಅದೇ ಪಟ್ಟಿಯ ಮುಂದಿನವರನ್ನು ಮೂರು ಹೆಸರಿನ ಗೊಡವೆಯಿಲ್ಲದೆ ನೇಮಿಸಬಹುದು. ಇದು ಅಧ್ಯಾಯ ಒಂಬತ್ತರ ಅಡಿಟಿಪ್ಪಣಿಯಲ್ಲಿ, ಭೂತಗನ್ನಡಿಯಿಂದ ಮಾತ್ರ ಓದಬಹುದಾದ ಅಕ್ಷರಗಳಲ್ಲಿದೆ. ಆ ಪುಟಕ್ಕೆ ಕಾಗದದ ತುಂಡು ಸಿಕ್ಕಿಸಿ ಪುಸ್ತಕವನ್ನು ಕೆಫೆಯ ಕೌಂಟರಿನ ಮೇಲೆ ಮರೆತು ಹೋದವರು ಯಾರೆಂದು ವಿಚಾರಿಸಲಾಗಿಲ್ಲ.

ಮಾರ್ಚ್ ತಿಂಗಳಲ್ಲಿ ಶ್ರೀ ಫರ್ಚ್ ನೇಮಕಗೊಂಡರು. ಅನುತ್ತೀರ್ಣರಾಗುವ ಜವಾಬ್ದಾರಿಯನ್ನು ಅವರಿಗೆ ಊರೇ ಒಟ್ಟಾಗಿ ವಹಿಸಿತು.

೬. ಠಾಣೆಯ ಅಡುಗೆಯ ರುಚಿ

ಶ್ರೀ ಫರ್ಚ್ ಅವರು ತಮ್ಮ ತಾಯಿಯಿಂದ ಬಂದ, ಉದ್ದ ಹಿಡಿಯ ಕಬ್ಬಿಣದ ಬಾಣಲೆಯೊಂದನ್ನು ಠಾಣೆಗೆ ತಂದರು. ಅದನ್ನು ಸೋಪಿನಲ್ಲಿ ತೊಳೆಯುವುದಿರಲಿ, ಇತರರು ಮುಟ್ಟುವುದನ್ನೂ ಅವರು ಒಪ್ಪುತ್ತಿರಲಿಲ್ಲ. ಅನುತ್ತೀರ್ಣರಾಗಲು ಅವರು ಶಕ್ತಿಮೀರಿ ಪ್ರಯತ್ನಿಸಿದ್ದು ದಾಖಲೆಯಿಂದ ಕಂಡುಬರುತ್ತದೆ. ತಡವಾಗಿ ಬರಲು ಹೋದರು. ಕೆಫೆಯ ಅಭ್ಯಾಸದಿಂದ ಕೋಳಿ ಕೂಗುವ ಮುಂಚೆ ಎಚ್ಚರವಾಗುತ್ತಿತ್ತು. ಕೊಳವೆಯನ್ನು ತಪ್ಪಾಗಿ ಸುತ್ತಲು ಹೋದರು; ನೌಕಾಪಡೆಯ ಕೈ, ಹಗ್ಗ ಕಂಡರೆ ತಾನಾಗಿ ಸರಿಯಾಗಿ ಸುತ್ತುತ್ತಿತ್ತು. ಕೊನೆಗೆ ಅಡುಗೆ ಕೆಡಿಸುವಂತೆ ಶ್ರೀಮತಿ ಸ್ಟ್ರೋಬೆಲ್ ಅಂಗಲಾಚಿದಾಗ ಅವರು ಹೇಳಿದ್ದು: “ನಾನ್ ಬೇಡ ಅಂತೀನೇನೆ? ಕೆಟ್ಟದಾಗಿ ಹೇಗ್ ಮಾಡ್ಬೇಕು ಅಂತ ನನ್ ಕೈಗೇ ಗೊತ್ತಿಲ್ಲ.”

ಬೇಸಿಗೆ ಮುಗಿಯುವಷ್ಟರಲ್ಲಿ ಠಾಣೆಯ ಸಿಬ್ಬಂದಿಯ ಬೆಲ್ಟುಗಳಿಗೆಲ್ಲ ಹೊಸ ತೂತು ಬಿದ್ದಿತ್ತು. ರಜೆಯಲ್ಲಿದ್ದವರೂ ಊಟದ ಹೊತ್ತಿಗೆ ‘ಯಾವುದಕ್ಕೂ ಇರಲಿ’ ಎಂದು ಬರುತ್ತಿದ್ದರು. ಶ್ರೀ ಲಿಂಡ್‌ಕ್ವಿಸ್ಟ್ ಅವರು ಶ್ರೀ ಫರ್ಚ್ ಅವರನ್ನು ಖಾಯಂಗೊಳಿಸಲು ಶಿಫಾರಸು ಬರೆದು, ಶುಕ್ರವಾರ ಸಹಿ ಹಾಕುವುದಾಗಿ ತಿಳಿಸಿದರು. ಸುದ್ದಿ ತಿಳಿದ ಶ್ರೀಮತಿ ಸ್ಟ್ರೋಬೆಲ್ ಬಸ್ಸನ್ನು ಠಾಣೆಯ ಮುಂದೆ ನಿಲ್ಲಿಸಿ, ಕಿಟಕಿಯಿಂದಲೇ ಕೇಳಿದರು: “ಚೀಫ್, ನನ್ ಕೆಲ್ಸಾನ ಒಂದ್ ತಟ್ಟೆ ಬನ್ನು-ಗ್ರೇವಿಗೆ ಮಾರ್ಬಿಟ್ರಾ?” ಮುಖ್ಯಾಧಿಕಾರಿಗಳು, “ನೀನೂ ಒಂದ್ಸಲ ತಿಂದ್ ನೋಡು ಡೋರೀನ್, ಆಮೇಲ್ ಮಾತಾಡು” ಎಂದರು. “ತಿಂದಿದೀನ್ರೀ! ಅದಕ್ಕೇ ನಿಮ್ಮನ್ನ ಸರಿಯಾಗಿ ಬಯ್ಯಕ್ಕೂ ಆಗ್ತಿಲ್ಲ” ಎಂದು ಹೇಳಿ ಅವರು ಅತ್ತುಬಿಟ್ಟರು.

ಒಲೆಯ ಮುಂದಿದ್ದ ಶ್ರೀ ಫರ್ಚ್ ಅವರಿಗೆ ಇದು ಕೇಳಿಸಿತೆಂದು ನಂಬಲಾಗಿದೆ.

ಕಾರ್ಯದರ್ಶಿಯವರು ಇಲ್ಲಿ ತಮ್ಮ ಸ್ವಹಿತಾಸಕ್ತಿಯನ್ನು ಘೋಷಿಸಲು ಬದ್ಧರಾಗಿದ್ದಾರೆ. ಶ್ರೀ ಫರ್ಚ್ ಠಾಣೆ ಸೇರಿದಂದಿನಿಂದ ಕೆಫೆಯನ್ನು ಅವರ ನಾದಿನಿ ನಡೆಸುತ್ತಿದ್ದು, ಆಕೆಯ ಸೇಬಿನ ಪೈ ಕುದುರೆಯ ಜೀನಿನ ಚರ್ಮವನ್ನು ನೆನಪಿಸುತ್ತದೆ.

ಇನ್ನು ಮುಂದೆ ಠಾಣೆಯ ಅಡುಗೆಯ ರುಚಿಯು ಸಾಧಾರಣ ಮಟ್ಟವನ್ನು ಮೀರತಕ್ಕದ್ದಲ್ಲ. ಯಾವುದೇ ಸಿಬ್ಬಂದಿ ಎರಡನೇ ಸಲ ಬಡಿಸಿಕೊಂಡಲ್ಲಿ ಲಿಖಿತ ವಿವರಣೆ ನೀಡತಕ್ಕದ್ದು. ತಟ್ಟೆ ನೆಕ್ಕುವುದು ದುರ್ನಡತೆಯಾಗುತ್ತದೆ.

೭. ಕರೆ ಬಂದಾಗ ಒಲೆ ಆರಿಸುವುದು

ಶುಕ್ರವಾರಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ ಇಳಿಯುವ ಹೊತ್ತಿಗೆ, ಊರಾಚೆ ಗೋಧಿ ಕೂಳೆಗೆ ಬೆಂಕಿ ಬಿದ್ದ ಕರೆ ಬಂತು. ಸಿಬ್ಬಂದಿ ಅಡುಗೆ ಬಿಟ್ಟು ಓಡಿದರು. ಬೆಂಕಿ ಆರಿಸುವವರ ಮನೆಯ ಒಲೆಯೇ ಆರದೆ ಉಳಿಯುವುದು ಅಗ್ನಿಶಾಮಕ ಲೋಕದಲ್ಲಿ ಹೊಸ ಸಂಗತಿಯಲ್ಲವಾದರೂ, ಶ್ರೀ ಫರ್ಚ್ ಇರುವ ಅಡುಗೆಮನೆಯಲ್ಲಿ ಇದು ಮೊದಲನೆಯದು. ಒಲೆಯ ಮೇಲೆ ಬಿಟ್ಟುಹೋದ ಬೇಕನ್ ಹಂದಿಮಾಂಸದ ಕೊಬ್ಬಿಗೆ ಉರಿ ಹತ್ತಿತು.

ಶ್ರೀಮತಿ ಸ್ಟ್ರೋಬೆಲ್ ಅವರು ಮಕ್ಕಳನ್ನು ಇಳಿಸಿ ಖಾಲಿ ಬಸ್ಸಿನೊಂದಿಗೆ ಪ್ರತಿದಿನವೂ ಠಾಣೆಯ ಮುಂದೆ ಹಾದುಹೋಗುವುದು ಅದೇ ಹೊತ್ತಿಗೆ. ಕಿಟಕಿಯಿಂದ ಹೊಗೆ ಕಂಡು ಬಸ್ಸು ನಿಲ್ಲಿಸಿ ಒಳಗೆ ನುಗ್ಗಿ, ಒಲೆ ಆರಿಸಿ, ಉರಿಯುವ ಬಾಣಲೆಗೆ ಮುಚ್ಚಳ ಹಾಕಿ, ಗೋಡೆಗೆ ಹತ್ತಿದ್ದನ್ನು ನಂದಿಸಿದರು. ಎದುರುಗಡೆಯ ನ್ಯಾಯಾಲಯದಿಂದ ಕಾರ್ಯದರ್ಶಿಯವರು ರಸ್ತೆ ದಾಟಿ ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಸ್ಥಳ ಪರಿಶೀಲನೆಯಲ್ಲಿ ಕಂಡದ್ದು: ಮುಂಬಾಗಿಲಿಗೆ ಬೀಗವಿರಲಿಲ್ಲ. ಯಾವಾಗಲೂ ಒಳಗೋಡೆಗೆ ತೂಗುಹಾಕಿರುವ ಬೆಂಕಿ ನಂದಕದ ಸಿಲಿಂಡರು ಶ್ರೀಮತಿ ಸ್ಟ್ರೋಬೆಲ್ ಅವರಿಗೆ ದೊರೆತದ್ದು ಮೆಟ್ಟಿಲ ಮೇಲೆ, ಕೈಗೆ ಸಿಗುವಂತೆ. ಅಡುಗೆಮನೆಯ ಪರದೆಗಳನ್ನು ಬಿಚ್ಚಿ, ಮಡಚಿ, ಮುಖ್ಯಾಧಿಕಾರಿಗಳ ಕುರ್ಚಿಯ ಮೇಲೆ ಇಡಲಾಗಿತ್ತು. ಸುಟ್ಟದ್ದು ಠಾಣೆಯ ಹಳೆಯ ಅಲ್ಯುಮಿನಿಯಂ ಬಾಣಲೆ, ಒಂದು ಗೋಡೆಯ ಬಣ್ಣ ಹಾಗೂ ಒಂದು ಕ್ಯಾಲೆಂಡರು.

ಕೂಳೆಯ ಬೆಂಕಿ ಆರಿಸಿ ಮರಳಿದ ಶ್ರೀ ಫರ್ಚ್, “ಬೇಕನ್ ಹೊತ್ತೋಯ್ತಾ? ಛೆ” ಎಂದರು. ಶ್ರೀಮತಿ ಸ್ಟ್ರೋಬೆಲ್ ಅವರು ಶ್ರೀ ಫರ್ಚ್ ಅವರ ಮುಖವನ್ನೇ ನೋಡುತ್ತ, “ವೆಂಡೆಲ್, ನೀನು...” ಎಂದು ಶುರುಮಾಡಿದಾಗ, “ನಿಂಗೆ ಸುಟ್ಟಿಲ್ಲ ತಾನೆ? ಕೈ ತೋರ್ಸು” ಎಂದು ಶ್ರೀ ಫರ್ಚ್ ಮಾತು ತಿರುಗಿಸಿದರು. ಕರಕಲಾದ ಬಾಣಲೆಯ ಕಡೆ ಅವರು ತಿರುಗಿ ನೋಡಲಿಲ್ಲ.

ಇನ್ನು ಮುಂದೆ ಕರೆ ಬಂದ ಕೂಡಲೇ ಅಡುಗೆ ಮಾಡುವವರು ಒಲೆ ಆರಿಸತಕ್ಕದ್ದು. ಆರಿಸಿದ್ದನ್ನು ಎರಡನೆಯವರು ನೋಡತಕ್ಕದ್ದು. ನೋಡಿದ್ದನ್ನು ಮೂರನೆಯವರು ದೃಢೀಕರಿಸತಕ್ಕದ್ದು. ಮೂವರಿಗಿಂತ ಕಡಿಮೆ ಜನ ಇದ್ದಲ್ಲಿ ಒಲೆಯು ಆರಿಲ್ಲವೆಂದೇ ಭಾವಿಸಲಾಗುವುದು.

೮. ವಿಚಾರಣೆ ಹಾಗೂ ಟವೆಲು

ಆಯೋಗವು ವಿಚಾರಣೆ ನಡೆಸಿತು. ತೀರ್ಮಾನಕ್ಕೆ ಇದ್ದದ್ದು ಎರಡು ದಾರಿ. ಶ್ರೀ ಫರ್ಚ್ ಮರೆತಿದ್ದರೆ ಅದು ಅಜಾಗರೂಕತೆ, ಅವರು ಅನುತ್ತೀರ್ಣರು, ಹುದ್ದೆ ಶ್ರೀಮತಿ ಸ್ಟ್ರೋಬೆಲ್ ಅವರಿಗೆ. ಬೇಕೆಂದೇ ಬಿಟ್ಟಿದ್ದರೆ ಅದು ವಂಚನೆ. ಇಡೀ ಪಟ್ಟಿ ರದ್ದು. ಶ್ರೀಮತಿ ಸ್ಟ್ರೋಬೆಲ್ ಅವರಿಗೆ ಇನ್ನೆಂದಿಗೂ ಅವಕಾಶವಿಲ್ಲ. ಹುಟ್ಟುಹಬ್ಬಕ್ಕೆ ಉಳಿದಿದ್ದದ್ದು ಒಂದು ವಾರ.

ಆಯೋಗದ ಅಧ್ಯಕ್ಷರು ಕೇಳಿದರು: “ಇಷ್ಟ್ ವರ್ಷದ ಅಡುಗೇಲಿ ಹಿಂದೆ ಯಾವತ್ತಾದ್ರೂ ಒಲೆ ಆರ್ಸೋದು ಮರ್ತಿದ್ರಾ?”

“ಇಲ್ಲ ಸಾರ್. ಅದಕ್ಕೇ ಒಂದು ಬಾಕಿ ಇತ್ತು.”

“ಪರದೆ ಯಾಕ್ ಬಿಚ್ಚಿದ್ರಿ?”

“ಕೊಳೆಯಾಗಿತ್ತು.”

“ನಂದಕ ಮೆಟ್ಟಿಲ ಮೇಲೆ?”

“ಅದೂ ಕೊಳೆಯಾಗಿತ್ತು.”

ತದನಂತರ ಅಧ್ಯಕ್ಷರು, ಸ್ಥಳಕ್ಕೆ ಮೊದಲು ಬಂದ ಅಧಿಕಾರಿಯಾದ ಕಾರ್ಯದರ್ಶಿಯವರನ್ನು ಕುರಿತು, ಬೇರೇನಾದರೂ ಕಂಡಿತೇ ಎಂದು ಪ್ರಶ್ನಿಸಿದರು. ಕಾರ್ಯದರ್ಶಿಯವರು ಇಪ್ಪತ್ತು ವರ್ಷಗಳಿಂದ ಈ ಆಯೋಗದ ಮುಂದೆ ಸತ್ಯವನ್ನಲ್ಲದೆ ಬೇರೇನನ್ನೂ ಹೇಳಿದವರಲ್ಲ. ಅಂದೂ ಸತ್ಯವನ್ನೇ ಹೇಳಿದರು. ಹಿತ್ತಲಲ್ಲಿ ನಿಂತಿದ್ದ ಶ್ರೀ ಫರ್ಚ್ ಅವರ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಒಂದು ಟವೆಲಿನ ಗಂಟು ಇತ್ತೆಂದೂ, ಅದು ದುಂಡಗಿದ್ದು, ಅದಕ್ಕೆ ಉದ್ದನೆಯ ಹಿಡಿಯಂಥ ಬಾಲವಿತ್ತೆಂದೂ, ಅದಕ್ಕೆ ಸೀಟುಬೆಲ್ಟು ಹಾಕಲಾಗಿತ್ತೆಂದೂ ತಿಳಿಸಿದರು. ಒಳಗೇನಿತ್ತು ಎಂದು ಕೇಳಿದ್ದಕ್ಕೆ, ತಾವು ಕಂಡದ್ದು ಟವೆಲನ್ನು ಮಾತ್ರವೆಂದೂ, ಟವೆಲಿನೊಳಗೆ ಇರುವುದು ಅಗ್ನಿಶಾಮಕ ನೇಮಕಾತಿ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲವೆಂದೂ ನಿವೇದಿಸಿದರು.

ಅಧ್ಯಕ್ಷರು ಕಾರ್ಯದರ್ಶಿಯವರನ್ನು ನೋಡಿದರು. ಕಾರ್ಯದರ್ಶಿಯವರು ಅಧ್ಯಾಯ ಆರನ್ನು ನೋಡುತ್ತಿದ್ದರು. ಪ್ರಶ್ನೆಯನ್ನು ಅಲ್ಲಿಗೇ ಮುಕ್ತಾಯಗೊಳಿಸಲಾಯಿತು.

ಇನ್ನು ಮುಂದೆ ಕೌಂಟಿಯ ವ್ಯಾಪ್ತಿಯಲ್ಲಿ ಟವೆಲುಗಳನ್ನು ಬಿಚ್ಚಿ ನೋಡತಕ್ಕದ್ದಲ್ಲ. ಅಡುಗೆ ಸಾಮಗ್ರಿಗೆ ಸೀಟುಬೆಲ್ಟು ಕಡ್ಡಾಯವಲ್ಲ, ಆದರೆ ಮೆಚ್ಚತಕ್ಕ ಸಂಗತಿ.

೯. ತೀರ್ಮಾನ

ಶ್ರೀ ಫರ್ಚ್ ಅವರನ್ನು ಅನುತ್ತೀರ್ಣರೆಂದು ಘೋಷಿಸಲಾಗಿದೆ. ಇಂಥ ಪ್ರಕರಣಗಳಿಗೆ ಅಚ್ಚಾದ ನಮೂನೆಯಲ್ಲಿ ಇರುವುದು ಒಂದೇ ವಾಕ್ಯ: “ಸದರಿಯವರು ಒಲೆಯ ಮುಂದೆ ನಂಬಿಕೆಗೆ ಅರ್ಹರಲ್ಲ.” ಇದನ್ನು ನ್ಯಾಯಾಲಯದ ಬಾಗಿಲಿಗೆ ಒಂದು ತಿಂಗಳು ಅಂಟಿಸಬೇಕಾಗಿರುತ್ತದೆ. ಸಹಿ ಹಾಕುವ ಮುನ್ನ ಶ್ರೀ ಫರ್ಚ್ ಅದನ್ನು ಎರಡು ಸಲ ಓದಿ, ಮೆಲ್ಲಗೆ, “ಲೀಲಂಡ್, ‘ಮರೆವು’ ಅಂತ ಬರೆಯೋಕಾಗಲ್ವಾ? ಜನ ಬಾಗಿಲಲ್ಲಿ ಓದ್ತಾರಲ್ಲ” ಎಂದು ಕೇಳಿದರು. ನಮೂನೆಯಲ್ಲಿ ತಿದ್ದುಪಡಿಗೆ ಅವಕಾಶವಿಲ್ಲವೆಂದು ತಿಳಿಸಲಾಯಿತು. “ಆಯ್ತು ಬಿಡಿ” ಎಂದು ಅವರು ಸಹಿ ಹಾಕಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಶ್ರೀಮತಿ ಸ್ಟ್ರೋಬೆಲ್ ಅವರಿಗೆ, “ಏಳೇ, ಹೋಗು, ನಿನ್ ಬೂಟು ಹುಡುಕ್ಕೋ” ಎಂದು ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋದರು.

ಆ ವಾಕ್ಯಕ್ಕೆ ಮುದ್ರೆ ಒತ್ತುವಾಗ ಕಾರ್ಯದರ್ಶಿಯವರಿಗೆ ಸಂಕಟವಾಯಿತು. ಸಂಕಟಕ್ಕೆ ಪ್ರತ್ಯೇಕ ಕಂಡಿಕೆ ಇಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ.

ಶ್ರೀಮತಿ ಡೋರೀನ್ ಸ್ಟ್ರೋಬೆಲ್ ಅವರು ಹುಟ್ಟುಹಬ್ಬದ ಹಿಂದಿನ ದಿನ ಟ್ವಿಚೆಲ್ ಠಾಣೆಯಲ್ಲಿ ಕರ್ತವ್ಯಕ್ಕೆ ಹಾಜರಾಗಿರುತ್ತಾರೆ. ಅವರು ಮಾಡುವ ಅಡುಗೆ ಕಂಡಿಕೆ ೬ಕ್ಕೆ ಸಂಪೂರ್ಣ ಅನುಗುಣವಾಗಿದೆ.

೧೦. ಮೇಲ್ಕಂಡ ಸೂಚನೆಗಳು ತಕ್ಷಣದಿಂದ, ಸಾಧ್ಯವಾದರೆ ಅದಕ್ಕೂ ಮುಂಚಿನಿಂದ ಜಾರಿಗೆ ಬರುತ್ತವೆ. ಅರ್ಥವಾಗದವರು ನೆಲಮಾಳಿಗೆಗೆ ಬಂದು ಕೇಳಬಹುದು. ಅರ್ಥವಾದವರು ಸುಮ್ಮನಿರುವಂತೆ ಈ ಮೂಲಕ ಕೋರಲಾಗಿದೆ.

ಆಯೋಗದ ಪರವಾಗಿ, ನಿಯಮಕ್ಕೆ ಒಳಪಟ್ಟು,
(ಸಹಿ)
ಲೀಲಂಡ್ ಆಫರ್ಡಾಲ್
ಕಾರ್ಯದರ್ಶಿ

ಪ್ರತಿಗಳು:

ಕೌಂಟಿ ಆಡಳಿತ ಮಂಡಳಿಗೆ, ಓದದೆ ಕಡತದಲ್ಲಿಡಲು.

ಮುಖ್ಯ ಅಗ್ನಿಶಾಮಕ ಅಧಿಕಾರಿ ಶ್ರೀ ಲಿಂಡ್‌ಕ್ವಿಸ್ಟ್ ಅವರಿಗೆ, ಊಟಕ್ಕೆ ಮನೆಗೆ ಹೋಗುವ ಅಭ್ಯಾಸವನ್ನು ಪುನರಾರಂಭಿಸುವ ಸೂಚನೆಯೊಂದಿಗೆ.

ಅಗ್ನಿಶಾಮಕಿ ಶ್ರೀಮತಿ ಸ್ಟ್ರೋಬೆಲ್ ಅವರಿಗೆ, ಮುದ್ದಾಂ. ಕೊಡಲು ಹೋದಾಗ ಸೈರನ್ ಕೂಗಿದ್ದು, ಅವರು ಓಡುತ್ತಿದ್ದರು, ನಿಲ್ಲಿಸಲಿಲ್ಲ.

ಶ್ರೀ ಗೆಬ್‌ಹಾರ್ಟ್ ಅವರಿಗೆ, ದಿಂಬಿನ ಪಕ್ಕ ಇಡಲಾಗಿದೆ.

ಗೊಂಬೆಯ ಉಸ್ತುವಾರಿ ಗುಮಾಸ್ತರಿಗೆ.

ಶ್ರೀ ವೆಂಡೆಲ್ ಫರ್ಚ್ ಅವರಿಗೆ, ಫರ್ಚ್ ಕೆಫೆ. ಬೆಳಗಿನ ತಿಂಡಿಯ ಹೊತ್ತಿಗೆ ಕಾರ್ಯದರ್ಶಿಯವರೇ ಖುದ್ದಾಗಿ ತಲುಪಿಸಿರುತ್ತಾರೆ. ಎರಡನೇ ಸಲ ಬಡಿಸಿಕೊಂಡದ್ದಕ್ಕೆ ಲಿಖಿತ ವಿವರಣೆ ಲಗತ್ತಿಸಿದೆ.

ನ್ಯಾಯಾಲಯದ ಬಾಗಿಲಿಗೆ: ಕಂಡಿಕೆ ೯ರ ತೀರ್ಮಾನದ ಹಾಳೆಯನ್ನು ನಿಯಮಾನುಸಾರ ಕಾರ್ಯದರ್ಶಿಯವರೇ ಅಂಟಿಸಿರುತ್ತಾರೆ. ಅದೇ ಸಂಜೆ ಅದು ಗಾಳಿಗೆ ಹಾರಿಹೋಗಿದೆ. ಅಂದು ಗಾಳಿ ಇರಲಿಲ್ಲ.